ಹಾಡಿನ ಹಾಳೆಗಳು ನಕ್ಷತ್ರವಾದ ಆರು ವಾರ

ಜನವರಿ 6ರ ಸಂಜೆ ಎಲ್ಲವನ್ನೂ ಬಿಚ್ಚಿ ಪೆಟ್ಟಿಗೆಗೆ ತುಂಬಿದೆವು. ಗೋಡೆಯ ಮೇಲೆ ಟೇಪಿನ ಗುರುತು ಇನ್ನೂ ಇದೆ. ನನ್ನ ಬಲಗೈ ಹೆಬ್ಬೆರಳಲ್ಲಿ ಕತ್ತರಿ ಹಿಡಿದು ಆದ ಗಟ್ಟಿಯೂ ಇದೆ. ಈ ಸಲ ಕ್ರಿಸ್‌ಮಸ್‌ಗೆ ಅಲಂಕಾರದ ಸಾಮಾನು ಕೊಳ್ಳುವುದು ಬೇಡ, ಮನೆಯಲ್ಲಿ ಬಿದ್ದಿರುವ ಹಳೆಯ ಕಾಗದದಿಂದಲೇ ಎಲ್ಲ ಮಾಡೋಣ ಎಂದು ನಾನು, ಅಮ್ಮ, ಮಗಳು ಮಾತಾಡಿಕೊಂಡದ್ದು ನವೆಂಬರ್ ಎರಡನೇ ವಾರದಲ್ಲಿ. ಎರಡು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಆರು ವಾರ ಹಿಡಿಯಿತು. ಅದರಲ್ಲಿ ಕತ್ತರಿಸಿದ್ದು, ಅಂಟಿಸಿದ್ದು ಕಡಿಮೆ. ಒಣಗಲಿ ಎಂದು ಕಾದದ್ದೇ ಹೆಚ್ಚು. ಮುಂದಿನ ವರ್ಷ ನೀವೂ ಇದಕ್ಕೆ ಕೈಹಾಕುವವರಿದ್ದರೆ ನಾವು ಎಡವಿದಲ್ಲಿ ನೀವು ಎಡವದಿರಲಿ ಎಂದು, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲ ಶನಿವಾರ ಇಡೀ ದಿನ ಕಾಗದ ಬೇರ್ಪಡಿಸುವುದರಲ್ಲೇ ಹೋಯಿತು. ಅಟ್ಟದಿಂದ, ಮಂಚದ ಕೆಳಗಿನಿಂದ, ಬೀರುವಿನ ನೆತ್ತಿಯಿಂದ ಒಂದೊಂದೇ ಕಟ್ಟು ಇಳಿಯಿತು. ದಿನಪತ್ರಿಕೆ, ವಾರಪತ್ರಿಕೆ, ಮಗಳ ಹಿಂದಿನ ವರ್ಷಗಳ ನೋಟ್‌ಬುಕ್, ದಪ್ಪ ಹಾಳೆಯ ಕ್ಯಾಲೆಂಡರ್, ಕರೆಯೋಲೆ, ಪಾರ್ಸಲ್ ಬಂದ ರಟ್ಟಿನ ಡಬ್ಬ, ಬಿಲ್ಲು, ರಸೀದಿ. ನೋಟ್‌ಬುಕ್ಕುಗಳನ್ನು ಹಾಗೇ ಹರಿಯಲು ಶುರುಮಾಡಿದ್ದೆ. ಮೂರನೆಯದನ್ನು ಎತ್ತಿದಾಗ ಮಗಳ ಲಸಿಕೆ ಕಾರ್ಡ್ ಕೆಳಗೆ ಬಿತ್ತು. ಎರಡು ವರ್ಷದಿಂದ ಹುಡುಕುತ್ತಿದ್ದ ಕಾರ್ಡ್ ಅದು. ಆಮೇಲೆ ಪ್ರತಿ ಪುಸ್ತಕವನ್ನೂ ಬೆನ್ನು ಹಿಡಿದು ತಲೆಕೆಳಗೆ ಮಾಡಿ ಕೊಡವಿದ ಮೇಲೇ ಮುಂದಕ್ಕೆ ಹೋದೆವು. ನೀವೂ ದಯವಿಟ್ಟು ಹಾಗೇ ಮಾಡಿ. ಬ್ಯಾಂಕಿನ ಪತ್ರ, ಆಸ್ಪತ್ರೆಯ ವರದಿ, ಖಾತೆ ಸಂಖ್ಯೆ ಇರುವ ಹಾಳೆಗಳನ್ನು ನಕ್ಷತ್ರ ಮಾಡಿ ಬಾಗಿಲಿಗೆ ತೂಗುಹಾಕಬಾರದು. ಅವುಗಳಿಗೆ ಬೇರೆ ದಾರಿ ಇದೆ: ನೆನೆಸಿ ರುಬ್ಬಿ ತಿರುಳು ಮಾಡುವುದು. ರುಬ್ಬಿದ ಮೇಲೆ ಯಾರೂ ಅದನ್ನು ಓದಲಾರರು.

ಎಲ್ಲ ಕಾಗದವೂ ಕಾಗದವಲ್ಲ ಎಂಬುದು ನಮಗೆ ತಿಳಿದದ್ದು ಅವತ್ತೇ. ಹೊಳೆಯುವ ಉಡುಗೊರೆ ಹೊದಿಕೆಯನ್ನು ಮುಷ್ಟಿಯಲ್ಲಿ ಮುದುಡಿ ಬಿಟ್ಟರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪೊರೆ ಇದೆ ಎಂದರ್ಥ. ಅದಕ್ಕೆ ಹಿಟ್ಟಿನ ಅಂಟು ಹಿಡಿಯುವುದಿಲ್ಲ, ನೀರಲ್ಲಿ ಕರಗುವುದಿಲ್ಲ, ಮುಂದೆ ರದ್ದಿಗೂ ಸಲ್ಲುವುದಿಲ್ಲ. ಮುದುಡಿದ್ದು ಮುದುಡಿದಂತೆಯೇ ಉಳಿದರೆ ಅದು ಕಾಗದ. ನುಣುಪಾದ ಬಿಳಿ ರಸೀದಿಗಳನ್ನೂ ದೂರವಿಡಿ. ಅವು ಶಾಖಕ್ಕೆ ಕಪ್ಪಾಗುವ ಲೇಪನ ಇರುವ ಥರ್ಮಲ್ ಕಾಗದ. ಪಟ್ಟಿಗಳ ಸುಕ್ಕು ತೆಗೆಯೋಣ ಎಂದು ನಾನು ಇಸ್ತ್ರಿಪೆಟ್ಟಿಗೆ ಆಡಿಸಿದಾಗ ಒಂದು ಕಟ್ಟು ಪೂರ್ತಿ ಮಸಿಬಣ್ಣಕ್ಕೆ ತಿರುಗಿತು. ಉಗುರಿನಿಂದ ಜೋರಾಗಿ ಗೀರಿ ನೋಡಿ, ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್. ಇಂಥ ಅನೇಕ ರಸೀದಿಗಳ ಲೇಪನದಲ್ಲಿ ಬಿಸ್ಫಿನಾಲ್ ರಾಸಾಯನಿಕ ಇರುತ್ತದೆ. ಮಕ್ಕಳ ಕೈಗೆ ಕೊಡಬಾರದು, ತಿರುಳಿಗೂ ಸೇರಿಸಬಾರದು.

ಸಂಜೆ ಅಮ್ಮ ತನ್ನ ಟ್ರಂಕಿನಿಂದ ಒಂದು ಕಟ್ಟು ತಂದು ನನ್ನ ಮುಂದೆ ಇಟ್ಟರು. ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಿದ್ದ ಕಾಲದ ಹಾಡಿನ ಹಾಳೆಗಳು. ಜೆರಾಕ್ಸ್ ಪ್ರತಿಗಳು, ಒಂದೇ ಹಾಡಿಗೆ ನಾಲ್ಕೈದು. ಅಂಚಿನಲ್ಲಿ ಅಮ್ಮನ ಕೈಬರಹದಲ್ಲಿ ಪೆನ್ಸಿಲ್ ಗುರುತು: ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಮೆಲ್ಲಗೆ. ಎಣಿಸಿದರೆ 39 ಹಾಳೆ.

"ಇದನ್ನೂ ಸೇರಿಸಿಕೊ" ಎಂದರು.

"ಬೇಡಮ್ಮ, ಇದು ರದ್ದಿ ಅಲ್ಲ."

"ಟ್ರಂಕಿನಲ್ಲಿದ್ದು ಯಾರಿಗೆ ಏನು? ಹಾಡೋಕೆ ಇದ್ದ ಹಾಳೆ. ಕ್ರಿಸ್‌ಮಸ್‌ಗೆ ಹೊರಗೆ ಬರಲಿ."

ಆ ಕಟ್ಟನ್ನು ಮಾತ್ರ ಮುಟ್ಟದೆ ಎತ್ತಿಟ್ಟೆ. ಏನು ಮಾಡಬೇಕೆಂದು ಗೊತ್ತಾಗದೆ ಅದನ್ನು ಕತ್ತರಿಸುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ಸರಪಳಿಯಿಂದ ಆರಂಭಿಸಿದೆವು. ಅದು ಎಲ್ಲಕ್ಕಿಂತ ಸುಲಭ ಅನ್ನುತ್ತಾರೆ. ದಿನಪತ್ರಿಕೆಯ ಪಟ್ಟಿಗಳನ್ನು ಉಂಗುರ ಮಾಡಿ ಒಂದರೊಳಗೊಂದು ಸೇರಿಸಿದೆವು. ಗೋಡೆಗೆ ಕಟ್ಟಿದ ರಾತ್ರಿ ಚೆನ್ನಾಗಿಯೇ ಇತ್ತು. ಮೂರು ದಿನ ಕಳೆಯುವಷ್ಟರಲ್ಲಿ ಉಂಗುರಗಳೆಲ್ಲ ಚಪ್ಪಟೆಯಾಗಿ ಹಗ್ಗದಂತೆ ಜೋತುಬಿದ್ದವು. ಪತ್ರಿಕೆಯ ಕಾಗದ ತೆಳು, ಸಡಿಲ, ಗಾಳಿಯ ತೇವವನ್ನು ಬೇಗ ಹೀರುತ್ತದೆ. ಮರದ ನಾರುಗಳನ್ನು ಬಿಗಿದಿಡುವ ಲಿಗ್ನಿನ್ ಎಂಬ ವಸ್ತು ಅದರಲ್ಲೇ ಉಳಿದಿರುವುದರಿಂದ ಬೆಳಕಿಗೆ ಹಳದಿಯೂ ಆಗುತ್ತದೆ. ಬಿಚ್ಚಿ, ಮಗಳ ನೋಟ್‌ಬುಕ್ ಹಾಳೆಯಲ್ಲಿ ಮತ್ತೆ ಮಾಡಿದೆವು. 20 ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ಅಗಲದ ಪಟ್ಟಿ. ಅಂಟಿಸಲು ಒಂದೂವರೆ ಸೆಂಟಿಮೀಟರ್ ಒಂದರ ಮೇಲೊಂದು ಬರಬೇಕು. ಒಂದು ಮೀಟರಿಗೆ ಸುಮಾರು 16 ಕೊಂಡಿ. ನಮ್ಮ ಕೋಣೆಗೆ 9 ಮೀಟರ್ ಬೇಕಿತ್ತು, ಹೆಚ್ಚುಕಡಿಮೆ 150 ಪಟ್ಟಿ. ಮೊದಲೇ ಎಣಿಸಿ ಕತ್ತರಿಸಿಟ್ಟುಕೊಂಡರೆ ಮಧ್ಯದಲ್ಲಿ ಕೈ ನಿಲ್ಲುವುದಿಲ್ಲ. ಗಣಿತದ ನೋಟ್‌ಬುಕ್ಕಿನ ಚೌಕುಳಿ ಹಾಳೆಯಾದರೆ ಇನ್ನೂ ಒಳ್ಳೆಯದು, ಅಳೆಯುವ ಕೆಲಸವೇ ಇಲ್ಲ. ತನ್ನ ಭಾಗಾಕಾರದ ಲೆಕ್ಕಗಳು ಚಾವಣಿಯಲ್ಲಿ ತೂಗಾಡುವುದನ್ನು ನೋಡಿ ಮಗಳಿಗೆ ಬಹಳ ಸಂತೋಷವಾಯಿತು. ಸರಿ ಗುರುತು ಇರುವ ಹಾಳೆಗಳನ್ನೇ ಹುಡುಕಿ ಹುಡುಕಿ ಕೊಟ್ಟಳು.

ಇಲ್ಲೊಂದು ಮಾತು. ಬಟ್ಟೆಗೆ ಇರುವಂತೆ ಕಾಗದಕ್ಕೂ ಎಳೆಯ ದಿಕ್ಕು ಇದೆ. ದಿನಪತ್ರಿಕೆಯನ್ನು ಮೇಲಿಂದ ಕೆಳಕ್ಕೆ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಎಲ್ಲೆಲ್ಲಿಗೋ ಹೋಗುತ್ತದೆ, ಅದಕ್ಕೆ ಕಾರಣ ಇದೇ. ದಿಕ್ಕು ತಿಳಿಯಲು ಕಾಗದದ ಒಂದು ಸಣ್ಣ ಚೌಕವನ್ನು ಒಂದು ಮುಖಕ್ಕೆ ಮಾತ್ರ ಒದ್ದೆ ಮಾಡಿ ಇಡಿ. ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಆ ಕೊಳವೆ ಯಾವ ಕಡೆಗೆ ಉದ್ದವಾಗಿದೆಯೋ ಎಳೆ ಆ ದಿಕ್ಕಿನದು. ಎಳೆಗೆ ಸಮವಾಗಿ ಮಡಚಿದರೆ ಮಡಿಕೆ ಚೊಕ್ಕಟ. ಅಡ್ಡಲಾಗಿ ಮಡಚಿದರೆ ದಪ್ಪ ಕಾಗದ ಬಿರಿಯುತ್ತದೆ. ಕ್ಯಾಲೆಂಡರ್ ಹಾಳೆಯಲ್ಲಿ ಮಾಡಿದ ಆರೇಳು ಮಡಿಕೆಗಳು ಬಿಳಿಯಾಗಿ ಬಿರಿದ ಮೇಲೆ ನಮಗೆ ಇದು ಅರ್ಥವಾದದ್ದು. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ಒಂದು ವಾರ ಉಳಿಯುತ್ತಿತ್ತು.

ವಾರದ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಸಣ್ಣ ಕೆಲಸ. ಹಿಮದ ಹರಳು ಕತ್ತರಿಸುವುದು ಮಗಳ ಪಾಲು. ನಿಜವಾದ ಹಿಮದ ಹರಳಿಗೆ ಆರು ಮೂಲೆ. ಏಕೆ ಆರೇ ಎಂದು ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲೇ ಒಂದು ಪುಟ್ಟ ಪುಸ್ತಿಕೆ ಬರೆದಿದ್ದ. ಚೌಕ ಹಾಳೆಯನ್ನು ಅರ್ಧ, ಮತ್ತೆ ಅರ್ಧ ಎಂದು ಮಡಚುತ್ತ ಹೋದರೆ ಎಂಟು ಮೂಲೆ ಬರುತ್ತದೆ. ಆರು ಬೇಕಾದರೆ ಒಮ್ಮೆ ಅರ್ಧ ಮಡಚಿ, ಆ ಅರ್ಧವನ್ನು ಮಧ್ಯಬಿಂದುವಿನಿಂದ ಮೂರು ಸಮಭಾಗ ಮಾಡಿ ಮಡಚಬೇಕು, ಪ್ರತಿ ಭಾಗ 60 ಡಿಗ್ರಿ. ಮೂರು ಭಾಗ ಸಮವಾಗಿಲ್ಲದಿದ್ದರೆ ಒಂದು ಕೈ ಉದ್ದ, ಒಂದು ಕೈ ಗಿಡ್ಡ. ಮಗಳು ಕಂಪಾಸ್ ಪೆಟ್ಟಿಗೆಯ ಕೋನಮಾಪಕ ತಂದು ಗುರುತು ಹಾಕಿಕೊಂಡ ಮೇಲೆ ಒಂದೂ ಕೆಡಲಿಲ್ಲ. ಹೀಗೇ ಎರಡು ಬಣ್ಣದ ಹಾಳೆಗಳನ್ನು ಒಂದಕ್ಕೊಂದು ಹೆಣೆದು ಮಾಡುವ ಹೃದಯದಾಕಾರದ ಚೀಲವನ್ನೂ ಕಲಿತಳು. ಅದು ಡೆನ್ಮಾರ್ಕಿನ ಕ್ರಿಸ್‌ಮಸ್ ಮರದ ಅಲಂಕಾರ. ಮಕ್ಕಳ ಕಥೆಗಾರ ಆಂಡರ್ಸನ್ 1860ರಲ್ಲಿ ಹೆಣೆದ ಒಂದು ಹೃದಯ ಇಂದಿಗೂ ಉಳಿದಿದೆ.

ನಾಲ್ಕು ಪಟ್ಟಿಗಳನ್ನು ಹೆಣೆದು ಅಂಟಿಲ್ಲದೆ ಮಾಡುವ ನಕ್ಷತ್ರ ನನಗೆ ತುಂಬ ಹಿಡಿಸಿತು. ಕಿಂಡರ್‌ಗಾರ್ಟನ್ ಶಿಕ್ಷಣಕ್ಕೆ ನಾಂದಿ ಹಾಡಿದ ಜರ್ಮನಿಯ ಫ್ರೋಬೆಲ್ ಹೆಸರಲ್ಲಿ ಅದನ್ನು ಕರೆಯುತ್ತಾರೆ. ಪಟ್ಟಿಯ ಉದ್ದ ಅಗಲದ 25ರಿಂದ 30 ಪಟ್ಟು ಇರಬೇಕು, ಇದೊಂದೇ ನಿಯಮ. ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್, ಹಾಗಾಗಿ ಪಟ್ಟಿ 1 ಸೆಂಟಿಮೀಟರ್ ಅಗಲ. ನಕ್ಷತ್ರ ಆಗ ಬಹಳ ಪುಟ್ಟದಾಗುತ್ತದೆ, ಬೆರಳಿಗೆ ಹಿಡಿತ ಸಿಗುವುದಿಲ್ಲ. ವಾರಪತ್ರಿಕೆಯ ಪಿನ್ನು ತೆಗೆದು ಜೋಡಿಪುಟವನ್ನು ಬಿಡಿಸಿಕೊಂಡರೆ ಉದ್ದ ಹಾಳೆ ಸಿಗುತ್ತದೆ. ಅದರಲ್ಲಿ ಒಂದೂವರೆ ಸೆಂಟಿಮೀಟರ್ ಪಟ್ಟಿ ಮಾಡಿದ ಮೇಲೆ ಕೈ ಕುದುರಿತು. ಮೊದಲ ನಕ್ಷತ್ರಕ್ಕೆ ಒಂದು ಗಂಟೆ ಹಿಡಿಯಿತು, ಹತ್ತನೆಯದಕ್ಕೆ ಹದಿನೈದು ನಿಮಿಷ. ಕೊನೆಯ ಎಂಟು ಮೊನೆಗಳನ್ನು ಎಬ್ಬಿಸುವಾಗ ಪಟ್ಟಿಯನ್ನು ತಿರುಚಿ ಅಡಿಯಲ್ಲಿ ತೂರಿಸಬೇಕು. ಅಲ್ಲಿ ಎಳೆಯಬೇಡಿ, ತಳ್ಳಿ. ಎಳೆದರೆ ಹರಿಯುತ್ತದೆ.

ಇನ್ನು ತಿರುಳಿನ ಕಥೆ. ಮರಕ್ಕೆ ತೂಗುಹಾಕುವ ಬಿಲ್ಲೆಗಳು, ಗೋದಲಿಯ ಕುರಿಮರಿಗಳು, ಇವೆಲ್ಲವನ್ನೂ ಕಾಗದದ ತಿರುಳಲ್ಲಿ ಮಾಡುವುದೆಂದು ಅಮ್ಮನ ಆಸೆ. ಬ್ಯಾಂಕ್ ಪತ್ರಗಳನ್ನೂ ಉಳಿದ ನೋಟ್‌ಬುಕ್ ಹಾಳೆಗಳನ್ನೂ ಅಂಚೆಚೀಟಿಯಷ್ಟು ಚೂರು ಮಾಡಿ ರಾತ್ರಿಯಿಡೀ ನೆನೆಸಿದೆವು. ಬೆಳಗ್ಗೆ ಮಿಕ್ಸಿಯಲ್ಲಿ ರುಬ್ಬಿದೆವು. ಒಂದು ಹಿಡಿ ಕಾಗದಕ್ಕೆ ಮುಕ್ಕಾಲು ಜಾರ್ ನೀರು, ಹತ್ತು ಸೆಕೆಂಡ್ ಓಡಿಸಿ ನಿಲ್ಲಿಸಿ ಮತ್ತೆ ಹತ್ತು ಸೆಕೆಂಡ್. ನೀರು ಕಡಿಮೆಯಾದರೆ ತಿರುಳು ಬ್ಲೇಡಿಗೆ ಸುತ್ತಿಕೊಂಡು ಮೋಟಾರು ಬಿಸಿಯಾಗಿ ವಾಸನೆ ಬರುತ್ತದೆ. ನಮಗೆ ಬಂತು. ಅಡುಗೆಯ ಜಾರನ್ನು ಇದಕ್ಕೆ ಬಳಸಬೇಡಿ. ಶಾಯಿ ಇರುವ ಕಾಗದ, ಆ ಜಾರಲ್ಲಿ ಮತ್ತೆ ತಿನ್ನುವ ಪದಾರ್ಥ ರುಬ್ಬಬಾರದು. ಬಿಸಾಡಲು ಇಟ್ಟಿದ್ದ ಹಳೆಯ ಜಾರು ನಮ್ಮಲ್ಲಿ ಇತ್ತು.

ಅವತ್ತು ನಾನು ಮಾಡಿದ ದೊಡ್ಡ ತಪ್ಪು ಬೇರೆ. ತಿರುಳನ್ನು ಜರಡಿಯಲ್ಲಿ ಸೋಸಿ, ಕೆಳಗೆ ಇಳಿದ ಹಾಲಿನಂಥ ನೀರನ್ನು ಸಿಂಕಿಗೆ ಸುರಿದೆ. ನೀರು ಅಂತಲೇ ಅಂದುಕೊಂಡೆ. ಅದರಲ್ಲಿ ಜರಡಿ ದಾಟಿದ ಸಣ್ಣ ನಾರು ತುಂಬ ಇರುತ್ತದೆ. ಪೈಪಿನ ಬಾಗಿನಲ್ಲಿ ಅದು ಕೂತು, ನೀರು ಬಸಿದು, ಗಟ್ಟಿಯಾಯಿತು. ಸಂಜೆ ಪಾತ್ರೆ ತೊಳೆಯಲು ಹೋದರೆ ಸಿಂಕು ತುಂಬಿ ನಿಂತಿದೆ. ಬಿಸಿನೀರು ಹಾಕಿದೆ, ರಬ್ಬರ್ ಪಂಪ್ ಒತ್ತಿದೆ, ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಪ್ಲಂಬರ್ ಬರಲು ಎರಡು ದಿನ ಕಾದೆವು, ಎರಡು ದಿನವೂ ಬಚ್ಚಲಲ್ಲಿ ಪಾತ್ರೆ ತೊಳೆದೆವು. ಅವರು ಪೈಪ್ ಬಿಚ್ಚಿ ತೆಗೆದಾಗ ಒಳಗಿನಿಂದ ಮುಷ್ಟಿಗಾತ್ರದ ಬೂದುಬಣ್ಣದ ಕಾಗದದ ಉಂಡೆ ಬಂತು. ಇಡೀ ಅಲಂಕಾರಕ್ಕೆ ಆದ ಖರ್ಚಿನಲ್ಲಿ ಅತಿ ದೊಡ್ಡದು ಅವರ ಕೂಲಿಯೇ. ಆದ್ದರಿಂದ ಕೈಮುಗಿದು ಹೇಳುತ್ತೇನೆ: ತಿರುಳಿನ ನೀರನ್ನು ಯಾವ ಕಾರಣಕ್ಕೂ ಸಿಂಕಿಗೆ ಸುರಿಯಬೇಡಿ. ಹಳೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ಉಳಿದ ನೀರನ್ನೇ ಮುಂದಿನ ಸಲ ರುಬ್ಬಲು ಬಳಸಿ. ಕೊನೆಗೆ ಬಟ್ಟೆಯಲ್ಲಿ ಉಳಿದದ್ದನ್ನು ಒಣಗಿಸಿ ಕಸಕ್ಕೆ ಹಾಕಿ.

ಹಿಂಡಿದ ತಿರುಳಿಗೆ ಹಿಟ್ಟಿನ ಅಂಟು ಕಲಸಿ, ಬಿಸ್ಕತ್ತು ಕತ್ತರಿಸುವ ಅಚ್ಚಿನಲ್ಲಿ ಒತ್ತಿ 24 ಬಿಲ್ಲೆ ಮಾಡಿದೆವು. ಅಂಟು ಮಾಡಿದ್ದು ಹೀಗೆ: ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನಾಲ್ಕು ಲೋಟ ನೀರಿಗೆ ನಿಧಾನವಾಗಿ ಸುರಿಯುತ್ತ ತಿರುವಬೇಕು. ಬಿಳಿಯ ಬಣ್ಣ ಹೋಗಿ ಮಬ್ಬು ಗಾಜಿನಂತೆ ಕಂಡಾಗ ಇಳಿಸಬೇಕು. ಒಂದು ಚಮಚ ಉಪ್ಪು ಹಾಕಿದರೆ ಬೂಸು ಸ್ವಲ್ಪ ತಡವಾಗಿ ಬರುತ್ತದೆ. ತಡ, ಅಷ್ಟೇ. ನಾಲ್ಕನೇ ದಿನ ಡಬ್ಬದ ಮುಚ್ಚಳ ತೆಗೆದಾಗ ಹುಳಿವಾಸನೆ. ಎರಡು ದಿನಕ್ಕೆ ಆಗುವಷ್ಟೇ ಕಾಯಿಸಿಕೊಳ್ಳಿ.

ಬಿಲ್ಲೆಗಳನ್ನು ಬೇಗ ಒಣಗಲಿ ಎಂದು ಬಿಸಿಲಿಗಿಟ್ಟೆ. ಮೇಲಿನ ಮುಖ ಒಣಗಿ ಕುಗ್ಗಿತು, ಕೆಳಗಿನದು ಹಸಿ. ಸಂಜೆಗೆ ಎಲ್ಲವೂ ದೋಣಿಯಂತೆ ಬಾಗಿ, ನಡುವೆ ಸೀಳು. 24ರಲ್ಲಿ 7 ಮಾತ್ರ ಉಳಿದವು. ಬೇಸರದಿಂದ ಸೀಳಿದವನ್ನು ಬಿಸಾಡಲು ಹೊರಟಿದ್ದೆ. ಅಮ್ಮ ತಡೆದರು. "ನೆನೆಸಿದರೆ ಮತ್ತೆ ತಿರುಳೇ ಅಲ್ವಾ?" ನಿಜ. ಕಾಗದದ ಕೆಲಸದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಸಂಗತಿ ಇದು. ಕೆಟ್ಟದ್ದನ್ನೆಲ್ಲ ನೆನೆಸಿ, ಮತ್ತೆ ಒತ್ತಿ, ಈ ಸಲ ನೆರಳಲ್ಲಿ ತಂತಿ ಜಾಲರಿಯ ಮೇಲೆ ಇಟ್ಟೆವು. ಫ್ಯಾನಿನ ಗಾಳಿ ಎರಡೂ ಕಡೆಯಿಂದ ಸಿಗುವಂತೆ ದಿನಕ್ಕೆ ಮೂರು ಸಲ ಮಗುಚಿದೆವು. ಐದು ದಿನ ಹಿಡಿಯಿತು. ಮುಟ್ಟಿದರೆ ತಣ್ಣಗನ್ನಿಸಿದರೆ ಒಳಗೆ ಇನ್ನೂ ತೇವ ಇದೆ ಎಂದರ್ಥ. ಕೆನ್ನೆಗೆ ಒತ್ತಿ ನೋಡಿದರೆ ಸ್ಪಷ್ಟವಾಗಿ ತಿಳಿಯುತ್ತದೆ. ಒಳಗೆ ತೇವ ಇರುವಾಗ ಬಣ್ಣ ಹಚ್ಚಿದ ಎರಡು ಬಿಲ್ಲೆಗಳ ಮೇಲೆ ವಾರದಲ್ಲೇ ಕಪ್ಪು ಚುಕ್ಕೆ ಕಾಣಿಸಿತು. ದಾರ ಪೋಣಿಸುವ ತೂತನ್ನು ಹಸಿಯಿರುವಾಗಲೇ ಕಡ್ಡಿಯಿಂದ ಚುಚ್ಚಿಡಿ. ಒಣಗಿದ ಮೇಲೆ ಅದು ಮರದಷ್ಟು ಗಟ್ಟಿ.

ಬಲೂನಿನ ಮೇಲೆ ಪತ್ರಿಕೆಯ ಚೂರು ಅಂಟಿಸಿ ಗುಂಡು ಮಾಡುವುದೂ ಒಂದು ಸಂಜೆ ನಡೆಯಿತು. ರಾತ್ರಿ ತಂಪಿಗೆ ಬಲೂನು ಕುಗ್ಗಿ, ಹಸಿ ಕಾಗದ ಒಳಕ್ಕೆ ತಗ್ಗು ಬಿತ್ತು. ಎರಡೇ ಪದರ ಅಂಟಿಸಿ, ಅದು ಪೂರ್ತಿ ಒಣಗಿದ ಮೇಲೆ ಇನ್ನೆರಡು ಪದರ ಹಾಕಿದರೆ ಆಕಾರ ನಿಲ್ಲುತ್ತದೆ. ನಮಗೆ ಹೊತ್ತಿರಲಿಲ್ಲ, ಬಿಟ್ಟೆವು.

ಡಿಸೆಂಬರ್ ಮೊದಲ ವಾರ ಮುಗಿಯುತ್ತ ಬಂದರೂ ಬಾಗಿಲಿಗೆ ತೂಗುವ ದೊಡ್ಡ ನಕ್ಷತ್ರ ಆಗಿರಲಿಲ್ಲ. ಮಗಳಿಗೆ ಬೇಕಾಗಿದ್ದು ಎಲ್ಲ ದಿಕ್ಕಿಗೂ ಮೊನೆ ಚಾಚುವ, ಒಳಗೆ ದೀಪ ಇಡುವ ಮೊರೇವಿಯನ್ ನಕ್ಷತ್ರ. ಅದು ಹುಟ್ಟಿದ್ದೇ ಮಕ್ಕಳ ಪಾಠದಿಂದ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬಲ್ಲಿ ಮೊರೇವಿಯನ್ ಸಭೆ ಎಂಬ ಕ್ರೈಸ್ತ ಪಂಗಡದ ಹುಡುಗರ ಶಾಲೆಯಲ್ಲಿ ರೇಖಾಗಣಿತ ಕಲಿಸಲು ಮಾಡಿಸಿದ ಕಾಗದದ ನಕ್ಷತ್ರ. ಮುಂದೆ ಹೆರ್ನ್‌ಹುಟ್ ಊರಿನ ಹೆಸರಲ್ಲಿ ಪ್ರಸಿದ್ಧವಾಯಿತು. ಅದರ ಒಡಲಿಗೆ 26 ಮುಖ: 18 ಚೌಕ, 8 ತ್ರಿಕೋನ. ಒಂದು ಚೌಕವನ್ನು ದೀಪಕ್ಕೆ ತೆರೆದಿಟ್ಟು ಉಳಿದ 25 ಮುಖಗಳ ಮೇಲೆ ಗೋಪುರದಂಥ ಮೊನೆ ಕೂರಿಸಬೇಕು. 17 ಚೌಕ ಬುಡದವು, 8 ತ್ರಿಕೋನ ಬುಡದವು.

ದೀಪ ಒಳಗಿರುವುದಾದರೆ ಕಾಗದ ಬೆಳಕು ಬಿಡುವಂಥದ್ದಾಗಬೇಕು, ಗಟ್ಟಿಯೂ ಇರಬೇಕು. ಕ್ಯಾಲೆಂಡರ್ ಹಾಳೆಯಲ್ಲಿ ಬೆಳಕು ಬರುವುದಿಲ್ಲ, ಒಂಟಿ ಜೆರಾಕ್ಸ್ ಹಾಳೆ ನಿಲ್ಲುವುದಿಲ್ಲ. ಎರಡು ಜೆರಾಕ್ಸ್ ಹಾಳೆಗಳನ್ನು ತೆಳು ಅಂಟಿನಲ್ಲಿ ಜೋಡಿಸಿದರೆ ಎರಡೂ ಆಗುತ್ತದೆ. ಅಮ್ಮನ ಕಟ್ಟನ್ನು ಹೊರತೆಗೆದೆ.

ಲೆಕ್ಕ ಹಾಕಿದೆ. ಬುಡದ ಬದಿ 4 ಸೆಂಟಿಮೀಟರ್, ಬುಡದಿಂದ ತುದಿಗೆ ಅಂಚಿನ ಉದ್ದ 12 ಸೆಂಟಿಮೀಟರ್. ಇಂಥ ಎರಡು ಮೊನೆಯ ನಕ್ಷೆ ಒಂದು ಎ4 ಹಾಳೆಯಲ್ಲಿ ಕೂರುತ್ತದೆ. 25 ಮೊನೆಗೆ 13 ಜೋಡಿ ಹಾಳೆ, ಅಂದರೆ 26 ಒಂಟಿ ಹಾಳೆ. 39ರಲ್ಲಿ 13 ಉಳಿಯುತ್ತದೆ. ಪ್ರತಿ ಹಾಡಿನ ಒಂದೊಂದು ಪ್ರತಿಯನ್ನು ಅಮ್ಮ ಮೊದಲು ಬೇರೆ ತೆಗೆದಿಟ್ಟುಕೊಂಡರು. ಕತ್ತರಿಸುವ ಹಾಳೆಗಳನ್ನೂ ಅವರೇ ಆರಿಸಿಕೊಟ್ಟರು. ಯಾರದ್ದಾದರೂ ನೆನಪು ಇರುವ ಕಾಗದವನ್ನು ಬಳಸುವವರು ಈ ಕ್ರಮವನ್ನು ಬಿಡಬೇಡಿ: ಆರಿಸುವ ಕೆಲಸ ಅವರದೇ ಆಗಿರಲಿ.

ಜೋಡಿಸಿದ ಹಾಳೆಗಳನ್ನು ಎರಡು ರಟ್ಟುಗಳ ನಡುವೆ ಇಟ್ಟು ಮೇಲೆ ಭಾರದ ಪುಸ್ತಕಗಳನ್ನು ಹೇರಿ ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಭಾರ ಇಡದಿದ್ದರೆ ಮುರುಟಿಕೊಳ್ಳುತ್ತದೆ. ಅಂಟು ತಿಳಿಸಾರಿನಷ್ಟು ತೆಳ್ಳಗಿರಲಿ, ಕೈಗೆ ಸಿಕ್ಕ ಹಳೆಯ ಅಗಲ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಹಚ್ಚಿ. ನಡುವೆ ಗಾಳಿಗುಳ್ಳೆ ಉಳಿದರೆ ದೀಪ ಹಚ್ಚಿದಾಗ ಅದೇ ಎದ್ದು ಕಾಣುತ್ತದೆ.

ಮೂರು ರಾತ್ರಿ ನಕ್ಷೆ ಬರೆದು ಕತ್ತರಿಸಿ, ಎರಡು ರಾತ್ರಿ ಮೊನೆಗಳನ್ನು ಅಂಟಿಸಿದೆವು. ಜೋಡಿಸುವ ಕ್ರಮ ಹೀಗೆ: ಮೊದಲು ಎಂಟು ಚೌಕ ಮೊನೆಗಳನ್ನು ಬುಡಕ್ಕೆ ಬುಡ ಸೇರಿಸಿ ನಡುಪಟ್ಟಿಯಂತೆ ಬಳೆ ಮಾಡಬೇಕು. ಅದರ ಮೇಲೆ ಒಂದು ಚೌಕ, ಒಂದು ತ್ರಿಕೋನ, ಮತ್ತೆ ಚೌಕ, ಮತ್ತೆ ತ್ರಿಕೋನ, ಹೀಗೆ ಎಂಟು. ನೆತ್ತಿಗೆ ಒಂದು ಚೌಕ. ಕೆಳಗೂ ಹಾಗೇ ಎಂಟು, ತಳದ ಚೌಕ ಮಾತ್ರ ತೆರೆದಿರಬೇಕು. ಬಳೆ ಸರಿಯಾಗಿ ಕೂತಿತು. ಮೇಲಿನ ಸಾಲಿಗೆ ಬಂದಾಗ ತ್ರಿಕೋನಗಳು ಜಾಗದಲ್ಲಿ ಕೂರಲೇ ಇಲ್ಲ. ಒಂದೊಂದರ ಪಕ್ಕದಲ್ಲೂ ಕಡ್ಡಿ ತೂರುವಷ್ಟು ಸಂದು. ಒತ್ತಿ ಕೂರಿಸಿದರೆ ಇನ್ನೊಂದು ಕಡೆ ಕಿತ್ತುಬರುತ್ತದೆ. ರಾತ್ರಿ ಹನ್ನೊಂದೂವರೆ, ಡಿಸೆಂಬರ್ 19. ಅಮ್ಮನ ಹಾಡಿನ ಹಾಳೆಗಳನ್ನು ಹಾಳು ಮಾಡಿಬಿಟ್ಟೆ ಅನ್ನಿಸಿ ಗಂಟಲು ಕಟ್ಟಿತು. ದೀಪ ಆರಿಸಿ ಮಲಗಿದೆ.

ಬೆಳಗ್ಗೆ ಸ್ಕೇಲು ಹಿಡಿದು ಅಳೆದಾಗ ಕಾರಣ ಸಿಕ್ಕಿತು. ಜೋಡಿ ಹಾಳೆ ದಪ್ಪ. ಮಡಚುವಾಗ ಮಡಿಕೆಯೇ ಸ್ವಲ್ಪ ಅಳತೆ ತಿನ್ನುತ್ತದೆ. ಚೌಕಗಳನ್ನು ಮಡಚುವ ಮೊದಲು ಮಗಳು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲಿಟ್ಟು ಗೆರೆ ಗೀರಿದ್ದಳು, ಹಾಗಾಗಿ ಮಡಿಕೆ ಗೆರೆಯ ಮೇಲೆಯೇ ಬಂದಿತ್ತು. ತ್ರಿಕೋನಗಳನ್ನು ಅವಸರದಲ್ಲಿ ನಾನು ಗೀರದೆ ಕೈಯಲ್ಲೇ ಮಡಚಿದ್ದೆ. ಪ್ರತಿ ಬದಿಗೆ ಎರಡು ಮಿಲಿಮೀಟರ್ ಕಡಿಮೆ. ಎಂಟು ತ್ರಿಕೋನಗಳನ್ನೂ ಹೊಸದಾಗಿ ಮಾಡಬೇಕು, ಅದಕ್ಕೆ ನಾಲ್ಕು ಜೋಡಿ ಹಾಳೆ ಬೇಕು. ಉಳಿದದ್ದು ಅಮ್ಮ ತೆಗೆದಿಟ್ಟುಕೊಂಡ ಹಾಳೆಗಳು ಮಾತ್ರ. ಕೇಳಲು ಬಾಯಿ ಬರಲಿಲ್ಲ. ಅವರೇ ನೋಡಿ ಅರ್ಥಮಾಡಿಕೊಂಡರು. ತಂದುಕೊಡಲು ಟ್ರಂಕಿನ ಕಡೆ ಹೊರಟವರನ್ನು ಮಗಳು ನಿಲ್ಲಿಸಿದಳು. "ಅಜ್ಜಿ, ನನ್ನ ಸಂಗೀತದ ನೋಟ್‌ಬುಕ್ ತಗೊಳ್ಳಿ. ಅದರಲ್ಲೂ ಹಾಡೇ ಇರೋದು." ದೊಡ್ಡ ಗಾತ್ರದ ನೋಟ್‌ಬುಕ್ಕು, ಎ4 ಅಳತೆಗೆ ಸರಿಹೋಯಿತು. ಅಮ್ಮನ ಹಾಳೆಯ ಚೌಕಗಳ ನಡುವೆ ಮಗಳ ಉರುಟು ಅಕ್ಷರದ ತ್ರಿಕೋನಗಳು ಕೂತವು. ಈ ಸಲ ಸಂದಿಲ್ಲ.

ಕೊನೆಯ ನಾಲ್ಕೈದು ಮೊನೆ ಅಂಟಿಸುವಾಗ ಒಳಗೆ ಬೆರಳು ಹೋಗುವುದಿಲ್ಲ. ತಳದ ತೆರೆದ ಚೌಕದಿಂದ ಪೆನ್ಸಿಲಿನ ಹಿಂಬದಿ ತೂರಿಸಿ ಅಂಟಿನ ಪಟ್ಟಿಯನ್ನು ಒಳಗಿನಿಂದ ಒತ್ತಬೇಕು. ಒಂದೊಂದಕ್ಕೂ ಐದು ನಿಮಿಷ ಒತ್ತಿ ಹಿಡಿಯಿರಿ, ಮುಂದಿನದಕ್ಕೆ ಅರ್ಧ ಗಂಟೆ ಬಿಟ್ಟು ಹೋಗಿ. ಆ ಅರ್ಧ ಗಂಟೆ ಬಿಡದೆ ಅಂಟಿಸಿದರೆ ಪಕ್ಕದ್ದು ಜಾರುತ್ತದೆ. ತೂಗುವ ದಾರವನ್ನು ನೆತ್ತಿಯ ಮೊನೆ ಅಂಟಿಸುವ ಮೊದಲೇ ಒಳಗಿನಿಂದ ರಟ್ಟಿನ ಚೂರಿಗೆ ಕಟ್ಟಿ ಹೊರಕ್ಕೆ ತೆಗೆದಿರಬೇಕು. ಆಮೇಲೆ ಚುಚ್ಚಲು ಹೋದರೆ ಮೊನೆ ನಜ್ಜಾಗುತ್ತದೆ.

ದೀಪದ ವಿಷಯದಲ್ಲಿ ರಾಜಿ ಬೇಡ. ಬ್ಯಾಟರಿಯಿಂದ ಉರಿಯುವ ಸಣ್ಣ ಎಲ್‌ಇಡಿ ಸರವನ್ನೇ ಒಳಗಿಡಿ. ಬಿಸಿಯಾಗುವ ಹಳೆಯ ಮಾದರಿಯ ಬಲ್ಬನ್ನೂ ಮೇಣದಬತ್ತಿಯನ್ನೂ ಕಾಗದದ ಯಾವ ಅಲಂಕಾರದ ಹತ್ತಿರಕ್ಕೂ ತರಬೇಡಿ. ಸರಪಳಿ, ಹರಳು ಎಲ್ಲವನ್ನೂ ಅಡುಗೆಯ ಒಲೆಯಿಂದ, ಪ್ರಾರ್ಥನೆಗೆ ಹಚ್ಚುವ ಬತ್ತಿಯಿಂದ ದೂರ ಕಟ್ಟಿ. ಮಲಗುವ ಮೊದಲು ದೀಪ ಆರಿಸಿ. ಸರ, ಅಂಟಿನ ಬಾಟಲಿ ಒಂದು, ನೂಲಿನ ಉಂಡೆ ಒಂದು, ಹಣ ಕೊಟ್ಟು ತಂದದ್ದು ಇಷ್ಟೇ.

ಡಿಸೆಂಬರ್ 24ರ ಸಂಜೆ ನಕ್ಷತ್ರವನ್ನು ಬಾಗಿಲಿಗೆ ಏರಿಸಿದೆವು. ಮೊನೆಯಿಂದ ಮೊನೆಗೆ 33 ಸೆಂಟಿಮೀಟರ್. ಹಗಲಲ್ಲಿ ಅದು ಅಕ್ಷರ ತುಂಬಿದ ಬೂದು ಕಾಗದದ ಗೊಂಚಲು. ಅಷ್ಟೇನೂ ಚೆಂದ ಕಾಣುತ್ತಿರಲಿಲ್ಲ, ನನಗೆ ಒಳಗೊಳಗೇ ಅಳುಕಿತ್ತು. ದೀಪ ಹಚ್ಚಿದಾಗ ಒಳಪದರದ ಅಕ್ಷರಗಳೂ ಹೊರಗೆ ಮೂಡಿದವು, ನೇರ ಸಾಲಿನ ಮೇಲೆ ತಿರುಗಿಸಿಟ್ಟ ಸಾಲು. ಅಮ್ಮ ಕನ್ನಡಕ ಏರಿಸಿ ಹತ್ತಿರ ಹೋಗಿ ನಿಂತರು. ಒಂದು ಮೊನೆಯ ಬದಿಯಲ್ಲಿ ಪೆನ್ಸಿಲಿನಲ್ಲಿ "ಉಸಿರು" ಎಂದು ಬರೆದದ್ದು ಕಾಣುತ್ತಿತ್ತು. ಅದರ ಮೇಲೆ ಬೆರಳಿಟ್ಟು, ಅಲ್ಲಿಂದ ಮುಂದಿನ ಸಾಲನ್ನು ಮೆಲ್ಲಗೆ ಹಾಡಿದರು. ಸಾಲು ಮಡಿಕೆಯಲ್ಲಿ ಕತ್ತರಿಸಿಹೋಗಿತ್ತು. ಉಳಿದದ್ದು ಅವರಿಗೆ ಬಾಯಿಪಾಠವಿತ್ತು.

ಈಗ ತೆಗೆದಿಡುವ ವಿಷಯ. ಸರಪಳಿಯನ್ನು ಬಿಚ್ಚದೆ ಮಡಚಿ ರದ್ದಿಗೆ ಹಾಕಿದೆವು. ಬರೀ ಕಾಗದ ಮತ್ತು ಹಿಟ್ಟಿನ ಅಂಟು, ತೊಂದರೆಯಿಲ್ಲ. ಮಿಂಚುಪುಡಿ ಹಚ್ಚಿದ್ದರೆ ರದ್ದಿಗೆ ಸಲ್ಲುತ್ತಿರಲಿಲ್ಲ, ಅದಕ್ಕೇ ನಾವು ಮಿಂಚು ಮುಟ್ಟಲಿಲ್ಲ. ಹರಳುಗಳನ್ನು ಹಳೆಯ ಪುಸ್ತಕದ ಪುಟಗಳ ನಡುವೆ ಚಪ್ಪಟೆಯಾಗಿ ಇಟ್ಟಿದ್ದೇವೆ. ಹಿಟ್ಟಿನ ಅಂಟು ಇರುವಲ್ಲಿ ಜಿರಲೆ, ಬೆಳ್ಳಿಮೀನು ಹುಳ ಬರುತ್ತವೆ, ಆದ್ದರಿಂದ ಬಿಲ್ಲೆಗಳನ್ನು ಇನ್ನೊಮ್ಮೆ ಒಂದು ದಿನ ಒಣಗಿಸಿ, ಬಿಗಿಮುಚ್ಚಳದ ಡಬ್ಬಕ್ಕೆ ತುಂಬಿ, ಒಣ ಬೇವಿನೆಲೆ ಹಾಕಿದೆ. ನಕ್ಷತ್ರವನ್ನು ಮಡಚಲಾಗದು. ಪಾರ್ಸಲ್ ಡಬ್ಬದಲ್ಲಿ ಮುದುಡಿದ ಪತ್ರಿಕೆಗಳ ಗೂಡು ಮಾಡಿ, ತೆರೆದ ತಳ ಕೆಳಗೆ ಬರುವಂತೆ ಕೂರಿಸಿದ್ದೇವೆ. ಬ್ಯಾಟರಿಗಳನ್ನು ಸರದಿಂದ ತೆಗೆದಿಡಿ; ಒಳಗೇ ಬಿಟ್ಟರೆ ಸೋರಿ ಸರ ಕೆಡುತ್ತದೆ.

ಡಬ್ಬದ ಮುಚ್ಚಳದ ಒಳಬದಿಗೆ ಮಗಳು ಮೊನೆಯ ನಕ್ಷೆಯನ್ನು ಅಂಟಿಸಿದ್ದಾಳೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ: ಬುಡ 4, ಅಂಚು 12, ಅಂಟಿಗೆ 1. ಚೌಕ 17, ತ್ರಿಕೋನ 8. ಮೊದಲು ಗೀರು, ಆಮೇಲೆ ಮಡಚು. ಶಾಯಿ ಮುಗಿದ ಆ ಬಾಲ್‌ಪೆನ್ನನ್ನೂ ಟೇಪು ಹಾಕಿ ಅಲ್ಲೇ ಅಂಟಿಸಿದ್ದಾಳೆ.